ಗರ್ಭಪಾತದ ಕೆಲಸ ಮಾಡುವುದಿಲ್ಲ ಅಂತ ಬರೆದುಕೊಡಬೇಕಾ? ಐರ್ಲೆಂಡಿನಲ್ಲಿರುವ ಕ್ರೈಸ್ತ ನರ್ಸ್‌ಗಳು ದಯವಿಟ್ಟು ಹೇಳಿ

ಖಾನಾಪುರದವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಬೇಸರ ಮಾಡಬೇಡಿ.

ನಾನು ಕಥೋಲಿಕಳು. ಬೆಳಗಾವಿ ಜಿಲ್ಲೆ, ಖಾನಾಪುರ ತಾಲೂಕು. ಮನೆಯಲ್ಲಿ ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ. ಐರ್ಲೆಂಡಿಗೆ ನರ್ಸ್ ಆಗಿ ಬಂದು ಇನ್ನೂ ಎರಡು ವರ್ಷ ತುಂಬಿಲ್ಲ. ಇಷ್ಟು ದಿನ ವಯಸ್ಸಾದವರ ವಾರ್ಡಿನಲ್ಲಿದ್ದೆ. ಈಗ ಗೈನಿಕ್ ವಾರ್ಡಿಗೆ ಹಾಕಿದ್ದಾರೆ. ಅಲ್ಲಿಗೆ ಗರ್ಭಪಾತಕ್ಕೂ ಹೆಂಗಸರು ಬರುತ್ತಾರೆ. ಮ್ಯಾನೇಜರ್ ಒಳ್ಳೆಯವರು. ಕೂರಿಸಿಕೊಂಡು ಮಾತಾಡಿದರು. ಮನಸ್ಸಾಕ್ಷಿ ಒಪ್ಪದಿದ್ದರೆ ಈಗಲೇ ಬರೆದುಕೊಡು, ರೋಸ್ಟರ್ ಹಾಕುವ ಮುಂಚೆ ನನಗೆ ಗೊತ್ತಿರಲಿ ಅಂದರು. ಶುಕ್ರವಾರದೊಳಗೆ ಹೇಳಬೇಕು.

ಹೊಟ್ಟೆಯಲ್ಲಿ ಮಗು ನಿಂತ ಕ್ಷಣದಿಂದ ಅದು ದೇವರು ಕೊಟ್ಟ ಜೀವ ಅಂತ ಧರ್ಮೋಪದೇಶದ ತರಗತಿಯಲ್ಲಿ ಕಲಿತವಳು ನಾನು. ಈಗಲೂ ಹಾಗೇ ನಂಬುತ್ತೇನೆ. ಆ ನಂಬಿಕೆ ಸರಿಯೋ ತಪ್ಪೋ ಅಂತ ಇಲ್ಲಿ ಚರ್ಚೆ ಬೇಡ.

ಆದರೆ ಪೆನ್ನು ಹಿಡಿದ ಕೂಡಲೇ ಸವಿತಾ ಹಾಲಪ್ಪನವರ ನೆನಪಾದರು. ನಮ್ಮ ಬೆಳಗಾವಿಯವರು. ದಂತವೈದ್ಯೆ, 31 ವರ್ಷ. 2012ರ ಅಕ್ಟೋಬರಿನಲ್ಲಿ ಇಲ್ಲಿನ ಗಾಲ್ವೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಗರ್ಭ ನಿಲ್ಲುವುದಿಲ್ಲ ಅಂತ ಗೊತ್ತಿದ್ದರೂ, ಮಗುವಿನ ಎದೆಬಡಿತ ಇದೆ ಅಂತ ಗರ್ಭಪಾತ ಮಾಡಲಿಲ್ಲ. ‘ಇದು ಕಥೋಲಿಕ ದೇಶ’ ಅಂತ ಅವರಿಗೆ ಹೇಳಿದ್ದರಂತೆ. ಆಗ ನಾನು ಬೆಳಗಾವಿಯಲ್ಲಿ ನರ್ಸಿಂಗ್ ಓದುತ್ತಿದ್ದೆ. ‘ನಿಮ್ಮವರೇ ಅಲ್ವಾ ಸಾಯಿಸಿದ್ದು’ ಅಂತ ಹಾಸ್ಟೆಲಿನ ಗೆಳತಿ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಹಿ ಹಾಕಿದರೆ ನಾಳೆ ಅಂಥವರು ಬಂದಾಗ ಕೈಕಟ್ಟಿ ನಿಲ್ಲುವವರ ಸಾಲಿಗೆ ನಾನೂ ಸೇರುತ್ತೇನಾ? ಹಾಕದಿದ್ದರೆ ನನ್ನ ಕೈಯಾರೆ ಆ ಮಾತ್ರೆ ಕೊಡಬೇಕು. ಅದು ನನ್ನಿಂದ ಆಗದು. ಗಂಡ ಹೇಳುತ್ತಾರೆ, ಸ್ಟ್ಯಾಂಪ್ 4 (ಬೇರೆ ಪರ್ಮಿಟ್ ಇಲ್ಲದೆ ಇಲ್ಲಿ ಕೆಲಸ ಮಾಡಲು ಬಿಡುವ ವಾಸದ ಅನುಮತಿ) ಕೈಗೆ ಬರುವ ತನಕ ಸುಮ್ನೆ ಇರು, ತಕರಾರು ಬೇಡ ಅಂತ. ಅಮ್ಮ ಹೇಳುತ್ತಾರೆ, ಅಂಥ ಕೆಲಸವೇ ಬೇಡ, ವಾಪಸ್ ಬಾ ಅಂತ. ಇಬ್ಬರ ಮಾತೂ ಉಪಯೋಗಕ್ಕೆ ಬರುತ್ತಿಲ್ಲ. ಇದನ್ನು ದಾಟಿ ಬಂದವರು ಯಾರಾದರೂ ಇದ್ದೀರಾ?

ಬೆಟಗೇರಿಯವ

ಸಹೋದರಿ, ನಾನು ಪ್ರೊಟೆಸ್ಟೆಂಟ್, ಬಾಸೆಲ್ ಮಿಷನ್ ಕಾಲದಿಂದ ಬಂದ ಸಭೆಯವನು (ಸಭೆ ಅಂದರೆ ಚರ್ಚ್). ನಮ್ಮಲ್ಲಿ ಎಲ್ಲರಿಗೂ ಸೇರಿಸಿ ತೀರ್ಪು ಕೊಡುವ ಪೋಪ್ ಇಲ್ಲ. ಹಾಗಾಗಿ ಸಭೆಯಿಂದ ಸಭೆಗೆ ಉತ್ತರ ಬೇರೆ. ಕೆಲವರು ಯಾವ ಕಾರಣಕ್ಕೂ ಬೇಡ ಅನ್ನುತ್ತಾರೆ. ಕೆಲವರು ತಾಯಿಯ ಜೀವಕ್ಕೆ ಅಪಾಯ ಇದ್ದರೆ ಸರಿ ಅನ್ನುತ್ತಾರೆ.

ಆದರೆ ವಾಕ್ಯ ಎಲ್ಲರಿಗೂ ಒಂದೇ. ತಾಯಿಯ ಗರ್ಭದಲ್ಲೇ ದೇವರು ನನ್ನನ್ನು ರೂಪಿಸಿದನು ಅಂತ 139ನೇ ಕೀರ್ತನೆ. ಹುಟ್ಟುವ ಮುಂಚೆಯೇ ನಿನ್ನನ್ನು ಆರಿಸಿಕೊಂಡೆ ಅಂತ ಯೆರೆಮೀಯನ ಮೊದಲ ಅಧ್ಯಾಯ. ಮರಿಯಳ ದನಿ ಕೇಳಿ ಎಲಿಸಬೇತಳ ಹೊಟ್ಟೆಯಲ್ಲಿ ಕೂಸು ನಲಿದಾಡಿತು ಅಂತ ಲೂಕ 1:41. ನರಹತ್ಯ ಮಾಡಬಾರದು ಅನ್ನುವ ಆಜ್ಞೆ ಇದ್ದೇ ಇದೆ.

ನಿಮ್ಮ ಕಸುಬಿನವರೇ ಬೈಬಲಿನಲ್ಲಿದ್ದಾರೆ. ವಿಮೋಚನಕಾಂಡದ ಮೊದಲ ಅಧ್ಯಾಯ ತೆಗೆಯಿರಿ. ಗಂಡು ಕೂಸುಗಳನ್ನು ಕೊಲ್ಲಿ ಅಂತ ಫರೋಹ ಹೇಳಿದಾಗ ಇಬ್ರಿಯ ಸೂಲಗಿತ್ತಿಯರು ಕೇಳಲಿಲ್ಲ. ದೇವರು ಅವರಿಗೆ ಒಳ್ಳೆಯದನ್ನೇ ಮಾಡಿದನು. ಸ್ಟ್ಯಾಂಪ್ 4 ಚಿಂತೆ ಬಿಡಿ, ಸಹಿ ಹಾಕಿ.

ಗೈನಿಕ್_ಟಿಳಕವಾಡಿ

ನಾನು ಕ್ರೈಸ್ತನಲ್ಲ. ಬೆಳಗಾವಿಯಲ್ಲಿ ಸ್ತ್ರೀರೋಗ ವೈದ್ಯ. ಮೇಲಿನವರು ವಾಕ್ಯ ಬರೆದಿದ್ದಾರೆ, ನಾನು ಕೇಸ್ ಶೀಟ್ ಬರೆಯುತ್ತೇನೆ.

ಸವಿತಾ ಅವರದ್ದು 17 ವಾರದ ಗರ್ಭ. 2012ರ ಅಕ್ಟೋಬರ್ 21ಕ್ಕೆ ಆಸ್ಪತ್ರೆಗೆ ಸೇರಿದರು. ಆ ರಾತ್ರಿ ಕಳೆಯುವಷ್ಟರಲ್ಲಿ ನೀರು ಒಡೆಯಿತು. 17 ವಾರಕ್ಕೆ ನೀರು ಹೋದರೆ ಮಗು ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಗಂಟೆ ಕಳೆದಷ್ಟೂ ಸೋಂಕಿನ ಭಯ ಜಾಸ್ತಿ. 23ಕ್ಕೆ ಸವಿತಾ ತಾವೇ ಗರ್ಭಪಾತ ಕೇಳಿದರು. ಕಾನೂನು ಬಿಡುವುದಿಲ್ಲ ಅಂದರು. 24ಕ್ಕೆ ಸೆಪ್ಸಿಸ್, ಅಂದರೆ ಸೋಂಕು ಮೈಗೆಲ್ಲ ಏರಿದೆ ಅಂತ ಗೊತ್ತಾಯಿತು, ಅದೇ ದಿನ ಗರ್ಭ ತಾನಾಗಿ ಹೋಯಿತು. 28ಕ್ಕೆ ತೀರಿಕೊಂಡರು. ಸಕಾಲಕ್ಕೆ ಗರ್ಭಪಾತ ಮಾಡಿದ್ದರೆ ಬಹುಮಟ್ಟಿಗೆ ಬದುಕುತ್ತಿದ್ದರು ಅಂತ ಐರ್ಲೆಂಡಿನ ಹಿರಿಯ ಪ್ರಸೂತಿ ತಜ್ಞರೇ ವಿಚಾರಣೆಯಲ್ಲಿ ಸಾಕ್ಷಿ ಹೇಳಿದರು.

ಇಲ್ಲಿ ಭಾರತದಲ್ಲಿ 1971ರಿಂದ ಗರ್ಭಪಾತಕ್ಕೆ ಅವಕಾಶ ಕೊಡುವ ಎಂಟಿಪಿ ಕಾಯ್ದೆ ಇದೆ. 2021ರ ತಿದ್ದುಪಡಿಯಲ್ಲಿ ಕೆಲವು ವರ್ಗದವರಿಗೆ 24 ವಾರದ ತನಕ ಅವಕಾಶ ಕೊಟ್ಟಿದ್ದಾರೆ. 17 ವಾರಕ್ಕೆ ಹಳೆಯ ಕಾಯ್ದೆಯಲ್ಲೂ ತೊಂದರೆ ಇರಲಿಲ್ಲ. ತವರಿಗೆ ಬಂದಿದ್ದರೆ ಬದುಕುತ್ತಿದ್ದಳು ಅಂತ ಊರಲ್ಲಿ ಎಲ್ಲರೂ ಆಡಿದ ಮಾತು ಸುಳ್ಳಲ್ಲ.

ನನ್ನ ಪ್ರಶ್ನೆ ಒಂದೇ. ಉಳಿಯುವ ಮಗುವೇ ಇಲ್ಲದಿದ್ದಾಗ ಯಾವ ಜೀವಕ್ಕೆಂದು ಕಾದರು? ಜೀವ ಪವಿತ್ರ ಅನ್ನುವವರು ಇದಕ್ಕೆ ಉತ್ತರ ಹೇಳಲಿ.

ಹಾಸನದಕ್ಕ

ತಂಗಿ, ನಾನೂ ಕಥೋಲಿಕಳು, ಹಾಸನದ ಕಡೆಯವಳು. ಊರಿನ ಹೆರಿಗೆ ವಾರ್ಡುಗಳಲ್ಲಿ ದುಡಿದು 2006ರಲ್ಲಿ ಇಲ್ಲಿಗೆ ಬಂದೆ. ಈಗ ಮಿಡ್‌ವೈಫ್. 2019ರ ಜನವರಿಯಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಹೊಸ ಕಾನೂನು ಜಾರಿಗೆ ಬಂದಾಗ ನಾನೂ ಬರೆದುಕೊಟ್ಟೆ. ಇವತ್ತಿಗೂ ಅದೇ ನಿಲುವು. ಬೆಟಗೇರಿಯವರೇ, ವಾಕ್ಯ ಸರಿ, ಆದರೆ ‘ಸಹಿ ಹಾಕಿ’ ಅಂತ ಮುಗಿಸಿಬಿಟ್ಟಿರಿ. ಕಷ್ಟ ಶುರುವಾಗುವುದೇ ಸಹಿಯ ನಂತರ.

ಮೊದಲು ಕಾನೂನು. ಅದೇ ಹೊಸ ಕಾನೂನಿನ, ಅಂದರೆ 2018ರ ಕಾಯ್ದೆಯ 22ನೇ ಸೆಕ್ಷನ್ ಓದಿಕೋ, ಒಂದು ಪುಟವೂ ಇಲ್ಲ. ವೈದ್ಯರು, ನರ್ಸ್, ಮಿಡ್‌ವೈಫ್ ಯಾರನ್ನೂ ಗರ್ಭಪಾತ ಮಾಡು, ಅದರಲ್ಲಿ ಭಾಗವಹಿಸು ಅಂತ ಬಲವಂತ ಮಾಡುವ ಹಾಗಿಲ್ಲ. ಆದರೆ ಆ ಹೆಂಗಸಿನ ಆರೈಕೆ ಬೇರೆಯವರ ಕೈಗೆ ಹೋಗುವ ಹಾಗೆ ತಡಮಾಡದೆ ವ್ಯವಸ್ಥೆ ಆಗಬೇಕು. ತುರ್ತು ಸ್ಥಿತಿಯಲ್ಲಿ, ಅಂದರೆ ತಾಯಿಯ ಜೀವಕ್ಕೆ ಅಪಾಯ ಅಥವಾ ಆರೋಗ್ಯಕ್ಕೆ ಗಂಭೀರ ಹಾನಿಯ ಅಪಾಯ ಎದುರಿಗೇ ಇರುವ ಹೊತ್ತಿನಲ್ಲಿ, ಈ ರಿಯಾಯಿತಿ ನಡೆಯುವುದಿಲ್ಲ. ಇನ್ನೊಬ್ಬ ಸವಿತಾ ಬಂದರೆ ಕೈಕಟ್ಟಿ ನಿಲ್ಲಬೇಕಾ ಅಂತ ಕೇಳಿದೆಯಲ್ಲ, ಕಾನೂನೇ ನಿನ್ನನ್ನು ನಿಲ್ಲಲು ಬಿಡುವುದಿಲ್ಲ. ಗಂಡನಿಗೂ ಇದನ್ನೇ ತೋರಿಸು. ಇದು ತಕರಾರಲ್ಲ, ಕಾನೂನಿನಲ್ಲಿ ಬರೆದಿಟ್ಟ ಹಕ್ಕು.

ಹಕ್ಕು ಎಲ್ಲಿಯ ತನಕ ಅನ್ನುವುದಕ್ಕೆ ಬ್ರಿಟನ್ನಿನ ಒಂದು ಕೇಸ್ ನೋಡು. ಅಲ್ಲಿನ ಕಾನೂನು ಬೇರೆ, ಆದರೂ ತಿಳಿದಿರಬೇಕು. ಗ್ಲಾಸ್ಗೋದ ಇಬ್ಬರು ಕಥೋಲಿಕ ಮಿಡ್‌ವೈಫ್‌ಗಳು ಹೆರಿಗೆ ವಾರ್ಡಿನ ಉಸ್ತುವಾರಿಯಲ್ಲಿದ್ದರು. ನಮ್ಮ ಕೈಯಿಂದ ಮಾಡುವುದಂತೂ ಇಲ್ಲ, ಮಾಡುವ ನರ್ಸ್‌ಗಳಿಗೆ ಕೆಲಸ ಹಂಚುವುದೂ ಇಲ್ಲ, ಅವರ ಮೇಲ್ವಿಚಾರಣೆಯೂ ಬೇಡ ಅಂದರು. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕೈಯಾರೆ ಭಾಗವಹಿಸುವುದಕ್ಕೆ ಮಾತ್ರ ರಿಯಾಯಿತಿ, ರೋಸ್ಟರ್ ಹಾಕುವುದಕ್ಕೆ ಇಲ್ಲ ಅಂತ ತೀರ್ಪು. ಕೆಲವು ಗುರುಗಳಿಗೆ ಈ ತೀರ್ಪು ಅನ್ಯಾಯ ಅನ್ನಿಸಿತು. ನನಗೆ ಅನ್ನಿಸಲಿಲ್ಲ. ಗೆರೆಯನ್ನು ದೂರ ದೂರ ಸರಿಸುತ್ತಾ ಹೋದರೆ ಕೊನೆಗೆ ಆ ಹೆಂಗಸಿಗೆ ನೀರು ಕೊಡುವುದೂ ಪಾಪ ಅಂತಾಗುತ್ತದೆ.

ನಾನು ಎಳೆದುಕೊಂಡ ಗೆರೆ ಇದು. ಮಾತ್ರೆ ಕೊಡುವುದಿಲ್ಲ. ಆ ಕೆಲಸಕ್ಕೆ ಥಿಯೇಟರಿಗೆ ಹೋಗುವುದಿಲ್ಲ. ಬಿಪಿ, ನೋವಿನ ಔಷಧ, ರಕ್ತ ಎಷ್ಟು ಹೋಗುತ್ತಿದೆ ಅಂತ ನೋಡುವುದು, ಬಟ್ಟೆ ಬದಲಿಸುವುದು, ಕೈ ಹಿಡಿದು ಬಾತ್‌ರೂಮಿಗೆ ಕರೆದೊಯ್ಯುವುದು, ಎಲ್ಲ ಮಾಡುತ್ತೇನೆ. ನನ್ನ ಬದಲು ಮಾತ್ರೆ ಕೊಟ್ಟ ಸಹೋದ್ಯೋಗಿಗೆ ಕೆಲಸ ಜಾಸ್ತಿ ಆಗುತ್ತದಲ್ಲ, ಅದಕ್ಕೆ ಅವಳ ಭಾನುವಾರದ ಪಾಳಿಗಳನ್ನು ನಾನು ತೆಗೆದುಕೊಳ್ಳುತ್ತೇನೆ. ಪೂಜೆಗೆ ಶನಿವಾರ ಸಂಜೆ ಹೋಗುತ್ತೇನೆ. ಆಕ್ಷೇಪ ನನ್ನದು, ಅದರ ಭಾರ ಅವಳ ಮೇಲೋ ರೋಗಿಯ ಮೇಲೋ ಯಾಕೆ ಬೀಳಬೇಕು?

ಒಮ್ಮೆ ಒಬ್ಬಾಕೆ ನೇರ ಕೇಳಿದಳು, ‘ಸಹಿ ಹಾಕಿದವರಲ್ಲಿ ನೀನೂ ಒಬ್ಬಳಾ?’ ಹೌದು ಅಂದೆ. ‘ಮತ್ತೆ ಇಲ್ಲೇನು ಮಾಡುತ್ತಿದ್ದೀಯ?’ ಇದು ನನ್ನ ವಾರ್ಡ್ ಅಂದೆ. ಸ್ವಲ್ಪ ಹೊತ್ತು ಮುಖ ಆಚೆ ತಿರುಗಿಸಿ ಮಲಗಿದಳು. ಆಮೇಲೆ ಬಿಸಿನೀರಿನ ಚೀಲ ಕೇಳಿದಳು. ತಂದುಕೊಟ್ಟೆ. ಮನಸ್ಸು ಬದಲಿಸಿದಳಾ ಅಂತ ಕೇಳಬೇಡಿ. ಬದಲಿಸಲಿಲ್ಲ, ನಾನೂ ಕೇಳಲಿಲ್ಲ.

ಇನ್ನು ಡಾಕ್ಟರ ಪ್ರಶ್ನೆ. ಸಭೆಯ ಬೋಧನೆಯನ್ನು ಮೆತ್ತಗೆ ಮಾಡಿ ಹೇಳುವುದು ನನಗೆ ಇಷ್ಟವಿಲ್ಲ. ಅದು ಕಠಿಣವೇ. ಮಗುವಿನ ಜೀವ ತೆಗೆಯುವುದೇ ಉದ್ದೇಶವಾದರೆ ಅದು ಯಾವ ಕಾರಣಕ್ಕೂ ಸರಿಯಲ್ಲ, ಅತ್ಯಾಚಾರದ ಗರ್ಭಕ್ಕೂ ಇದೇ ಮಾತು. 1995ರಲ್ಲಿ ಎರಡನೇ ಜಾನ್ ಪಾಲ್ ಮತ್ತೆ ಬರೆದರು. ಇದು ಅವರು ಶುರುಮಾಡಿದ್ದಲ್ಲ, ಆದಿ ಸಭೆಯ ಬರಹವಾದ ದಿದಾಖೆಯಲ್ಲೇ ಗರ್ಭಪಾತ ಬೇಡ ಅಂತ ಇದೆ. ಆದರೆ ಅದೇ ಬೋಧನೆಯಲ್ಲಿ ಇನ್ನೊಂದು ಭಾಗ ಇದೆ. ತಾಯಿಯ ರೋಗಕ್ಕೆ ಚಿಕಿತ್ಸೆ ಮಾಡುವಾಗ, ಅದನ್ನು ಮುಂದೂಡಲು ಆಗದಿದ್ದಾಗ, ಮಗು ಹೋಗುತ್ತದೆ ಅಂತ ಗೊತ್ತಿದ್ದರೂ ಚಿಕಿತ್ಸೆ ಮಾಡಬಹುದು. ಗರ್ಭಕೋಶದ ಕ್ಯಾನ್ಸರ್ ಇರಬಹುದು, ನಾಳದಲ್ಲಿ ನಿಂತ ಗರ್ಭ ಇರಬಹುದು, ಒಳಗೆ ಸೋಂಕು ಹಬ್ಬಿದ ಗರ್ಭಕೋಶ ಇರಬಹುದು. ಸೋಂಕಾದ ಮೇಲೆ ಹೆರಿಗೆ ಮಾಡಿಸುವುದನ್ನು ನಮ್ಮ ನೀತಿಶಾಸ್ತ್ರದವರಲ್ಲಿ ಬಹುತೇಕರು ಒಪ್ಪುತ್ತಾರೆ. ಸವಿತಾ ತೀರಿಕೊಂಡ ಮರುತಿಂಗಳು ಐರ್ಲೆಂಡಿನ ಬಿಷಪರು ಹೇಳಿಕೆ ಕೊಟ್ಟರು. ತಾಯಿಗಿಂತ ಹೊಟ್ಟೆಯ ಮಗುವಿನ ಜೀವ ಮೇಲು ಅಂತ ಸಭೆ ಯಾವತ್ತೂ ಕಲಿಸಿಲ್ಲ ಅಂತ.

ಹಾಗಾದರೆ ಉತ್ತರ ಸಿಕ್ಕಿತಾ? ಪೂರ್ತಿ ಸಿಗಲಿಲ್ಲ, ಡಾಕ್ಟರೇ. ನೀರು ಒಡೆದಿದೆ, ಮಗು ಉಳಿಯುವುದಿಲ್ಲ, ಆದರೆ ಜ್ವರ ಇನ್ನೂ ಬಂದಿಲ್ಲ. ಆ ಸೋಮವಾರ, ಮಂಗಳವಾರ ಏನು ಮಾಡಬೇಕಿತ್ತು ಅನ್ನುವಲ್ಲಿ ನಮ್ಮವರಲ್ಲೇ ಜಗಳ ಇದೆ. ಸೋಂಕು ಬರುವ ತನಕ ಕಾಯಬೇಕು ಅನ್ನುವವರಿದ್ದಾರೆ. ಸೆಪ್ಸಿಸ್ ಎಷ್ಟು ಬೇಗ ಕೈಮೀರುತ್ತದೆ ಅಂತ ನೋಡಿದವರು ಹಾಗೆ ಹೇಳಲಾರರು. ಹೆಂಗಸು ಸಾಯುವಷ್ಟು ಕಾಯಿಲೆ ಬೀಳಲಿ, ಆಮೇಲೆ ಮುಟ್ಟುತ್ತೇವೆ ಅನ್ನುವುದು ಜೀವಕ್ಕೆ ಕೊಡುವ ಮರ್ಯಾದೆ ಅಂತ ನನಗೆ ಅನ್ನಿಸುವುದಿಲ್ಲ.

ಅಲ್ಲಿ ಆದದ್ದು ಇಷ್ಟೇ ಅಲ್ಲ. ದಾಖಲಾದ ದಿನದ ರಕ್ತ ಪರೀಕ್ಷೆಯ ಫಲಿತಾಂಶವನ್ನು ಹಿಂಬಾಲಿಸಿ ನೋಡಲಿಲ್ಲ. ನಾಡಿ, ಜ್ವರ ನೋಡಬೇಕಾದಷ್ಟು ಸಲ ನೋಡಲಿಲ್ಲ. 2013ರಲ್ಲಿ ಬಂದ ವರದಿಗಳು ಇದನ್ನೆಲ್ಲ ಬರೆದಿವೆ. ಒಂದು ವರದಿ 13 ಅವಕಾಶ ತಪ್ಪಿಹೋದವು ಅಂತ ಎಣಿಸಿದೆ. ನಮ್ಮ ಪ್ಯಾರಿಷ್ ಗುಂಪುಗಳಲ್ಲಿ ಈ ಭಾಗವನ್ನೇ ಹಿಡಿದು ‘ನೋಡಿ, ಕಾನೂನಿನ ತಪ್ಪಲ್ಲ, ಸೆಪ್ಸಿಸ್’ ಅಂತ ಫಾರ್ವರ್ಡ್ ಮಾಡುತ್ತಾರೆ. ನನಗೆ ಸಿಟ್ಟು ಬರುತ್ತದೆ. ಎಲ್ಲ ದಾರಿಗಳನ್ನೂ ಆಕೆಯ ಮುಂದೆ ಇಡಲಿಲ್ಲ ಅಂತಲೂ ಅದೇ ವರ್ಷದ ವರದಿಗಳಲ್ಲಿದೆ. ಇಡದಿದ್ದುದಕ್ಕೆ ಕಾನೂನಿನ ಭಯವೂ ಕಾರಣ. 1983ರಲ್ಲಿ ತಾಯಿಗೂ ಮಗುವಿಗೂ ಸಮಾನ ಹಕ್ಕು ಅಂತ ಸಂವಿಧಾನಕ್ಕೆ ಸೇರಿಸಿದರು. ಕೇಳಲು ಚೆನ್ನಾಗಿದೆ. ಆದರೆ ವಾರ್ಡಿನಲ್ಲಿ ನಿಂತ ವೈದ್ಯರು ಯಾವ ಗಂಟೆಗೆ ಏನು ಮಾಡಬಹುದು ಅಂತ 30 ವರ್ಷ ಯಾರೂ ಕಾಯ್ದೆ ಬರೆದುಕೊಡಲಿಲ್ಲ. ಆಕೆ ಸತ್ತ ಮೇಲೆ ಬರೆದರು.

‘ಕಥೋಲಿಕ ದೇಶ’ ಅಂತ ಅಂದದ್ದು ಒಬ್ಬ ಮಿಡ್‌ವೈಫ್. ವಿಚಾರಣೆಯಲ್ಲಿ ಒಪ್ಪಿಕೊಂಡರು. ನೋಯಿಸಲು ಹೇಳಿದ್ದಲ್ಲ, ಇಲ್ಲಿನ ರೀತಿ ವಿವರಿಸಲು ಹೇಳಿದೆ ಅಂದರು. ನಾನು ನಂಬುತ್ತೇನೆ. ನಾವೂ ರೋಗಿಗಳ ಹತ್ತಿರ ಹೀಗೆಯೇ ಎಷ್ಟೋ ಮಾತಾಡಿಬಿಡುತ್ತೇವೆ.

ನನ್ನ ನರ್ಸಿಂಗ್ ಹಾಸ್ಟೆಲಿನ ಚಾಪೆಲ್ಲಿನಲ್ಲಿ ಸಂತ ಜಿಯಾನ್ನಾ ಮೊಲ್ಲಾ ಅವರ ಪಟ ಇತ್ತು. ಇಟಲಿಯ ಮಕ್ಕಳ ಡಾಕ್ಟರ್. ನಾಲ್ಕನೆಯ ಮಗು ಹೊಟ್ಟೆಯಲ್ಲಿದ್ದಾಗ ಗರ್ಭಕೋಶದಲ್ಲಿ ಗಡ್ಡೆ ಬಂತು. ಗರ್ಭಕೋಶ ತೆಗೆಸಲು ಒಪ್ಪಲಿಲ್ಲ, ಗಡ್ಡೆ ಮಾತ್ರ ತೆಗೆಸಿದರು. ಮಗು ಹುಟ್ಟಿತು, ತಾಯಿ ಅದಾದ ವಾರಕ್ಕೆ, 1962ರ ಏಪ್ರಿಲ್ 28ಕ್ಕೆ ತೀರಿಕೊಂಡರು. 2004ರಲ್ಲಿ ಸಂತಪದವಿ ಕೊಟ್ಟರು. ನಮಗೆ ಇದನ್ನು ಹೇಳುವಾಗ ಸಿಸ್ಟರುಗಳು ಒಂದು ಮಾತು ಬಿಟ್ಟುಬಿಡುತ್ತಿದ್ದರು. ಗರ್ಭಕೋಶ ತೆಗೆಸಿದ್ದರೂ ಸಭೆಯ ಪ್ರಕಾರ ಅದು ಪಾಪ ಆಗುತ್ತಿರಲಿಲ್ಲ. ಆಕೆ ತನ್ನ ಜೀವವನ್ನು ತಾನೇ ಕೊಟ್ಟರು. ಆಕೆಯ ಪರವಾಗಿ ಬೇರೆಯವರು ಹಾಸಿಗೆಯ ಪಕ್ಕ ನಿಂತು ಕೊಟ್ಟದ್ದಲ್ಲ. ಸವಿತಾ ಕೇಳಿದ್ದರು, ಬಾಯಿಬಿಟ್ಟು ಕೇಳಿದ್ದರು. ಎರಡೂ ಕಡೆ ಸತ್ತದ್ದು ತಾಯಿ ಅಂತ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಬೆಟಗೇರಿಯವರ ಸೂಲಗಿತ್ತಿಯರ ಕತೆ ನನಗೂ ಇಷ್ಟ. ಫರೋಹನ ಮಾತು ಕೇಳಲಿಲ್ಲ, ನಿಜ. ಹೆರಿಗೆಗೆ ಹೋಗುವುದನ್ನೂ ಬಿಡಲಿಲ್ಲ.

ಇಲ್ಲಿನ ಜನ ಈ ವಿಷಯದಲ್ಲಿ ಸಭೆಯ ಮಾತು ಯಾಕೆ ಕೇಳುವುದಿಲ್ಲ ಅಂತ ನಿನಗೆ ಬೇಗ ಗೊತ್ತಾಗುತ್ತದೆ. ಸವಿತಾ ಸತ್ತ ಗಾಲ್ವೇ ಜಿಲ್ಲೆಯಲ್ಲೇ ಟ್ಯೂಮ್ ಅನ್ನುವ ಊರಿದೆ. ಮದುವೆಯಾಗದೆ ಬಸುರಾದ ಹುಡುಗಿಯರನ್ನು ಇಡುತ್ತಿದ್ದ ಮನೆಯೊಂದು ಅಲ್ಲಿತ್ತು, ಕನ್ಯಾಸ್ತ್ರೀಯರು ನಡೆಸುತ್ತಿದ್ದರು. 1925ರಿಂದ 1961ರ ನಡುವೆ ಅಲ್ಲಿ ಸತ್ತ 796 ಮಕ್ಕಳ ದಾಖಲೆ ಹುಡುಕಿ ತೆಗೆದದ್ದು ಕ್ಯಾಥರೀನ್ ಕೊರ್ಲೆಸ್ ಅನ್ನುವ ಊರಿನ ಇತಿಹಾಸಕಾರ್ತಿ. ಇಂಥ 18 ಸಂಸ್ಥೆಗಳಲ್ಲಿ ಸುಮಾರು 9,000 ಮಕ್ಕಳು ಸತ್ತರು ಅಂತ 2021ರ ಸರ್ಕಾರಿ ವರದಿ. ಹುಟ್ಟುವ ಮುಂಚೆ ಪವಿತ್ರವಾಗಿದ್ದ ಜೀವ ಹುಟ್ಟಿದ ಮೇಲೆ ಏನಾಯಿತು ಅಂತ ಜನ ಕೇಳುತ್ತಾರೆ. 2018ರ ಜನಮತದಲ್ಲಿ 66.4 ಶೇಕಡಾ ಮಂದಿ ಆ ಹಳೆಯ ತಿದ್ದುಪಡಿಯನ್ನು ಕಿತ್ತುಹಾಕಿದರು. ಅವರಲ್ಲಿ ಪೂಜೆಗೆ ಹೋಗುವವರೂ ಇದ್ದರು, ನನ್ನ ಪಕ್ಕದ ಮನೆಯ ಅಜ್ಜಿಯೂ ಇದ್ದರು.

ನಮ್ಮಲ್ಲೂ ಏನು ಕಡಿಮೆ. ಗರ್ಭಪಾತ ಪಾಪ ಅಂತ ಪ್ರಸಂಗ ಕೇಳಿ ಬಂದವರೇ ಮದುವೆಯಾಗದ ಹುಡುಗಿಯ ಹೊಟ್ಟೆ ನೋಡಿ ಗುಸುಗುಸು ಮಾಡುತ್ತಾರೆ. ಅವಳು ಮೆಡಿಕಲ್ ಶಾಪಿನಿಂದ ಕದ್ದು ಮಾತ್ರೆ ತರಿಸಿಕೊಂಡು, ರಕ್ತ ನಿಲ್ಲದೆ, ರಾತ್ರಿ ಆಟೋದಲ್ಲಿ ಬರುತ್ತಾಳೆ. ಅಂಥವರನ್ನು ಎಷ್ಟೋ ಮಂದಿಯನ್ನು ನೋಡಿದ್ದೇನೆ. ಎರಡು ಹೆಣ್ಣಾದ ಮೇಲೆ ಮೂರನೆಯದಕ್ಕೆ ಅತ್ತೆಯ ಜೊತೆ ಬರುವವರದ್ದು ಇನ್ನೊಂದು ಕತೆ. ಅಲ್ಲಿ ಸೊಸೆಯ ಬಾಯಿಂದ ಒಂದು ಮಾತು ಹೊರಡುವುದಿಲ್ಲ. ಅತ್ತೆಯನ್ನು ಹೊರಗೆ ಕೂರಿಸಿ ‘ನಿನಗೇನು ಬೇಕು?’ ಅಂತ ಕೇಳಿದರೆ ಸುಮ್ನೆ ಅಳುತ್ತಾರೆ. ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಾಡುತ್ತಿದ್ದದ್ದು 2023ರಲ್ಲಿ ಸಿಕ್ಕಿಬಿತ್ತಲ್ಲ, ಆ ಸುದ್ದಿ ಓದಿ ನನಗೆ ಆಶ್ಚರ್ಯ ಆಗಲಿಲ್ಲ.

ಗೈನಿಕ್_ಟಿಳಕವಾಡಿ

ಅಕ್ಕ, ಪೂರ್ತಿ ಉತ್ತರ ಸಿಗಲಿಲ್ಲ ಅಂತ ನೀವೇ ಬರೆದದ್ದು ಸಾಕು. ಸೋಂಕು ಕಾಣುವ ತನಕ ಕಾಯುವ ಪಾಠ ಇನ್ನೂ ಎಲ್ಲೆಲ್ಲಿ ನಡೆಯುತ್ತಿದೆಯೋ, ಅಲ್ಲಿ ನಿಮ್ಮವರೇ ಮೊದಲು ದನಿ ಎತ್ತಬೇಕು. ನಾವು ಹೊರಗಿನವರು ಹೇಳಿದರೆ ಧರ್ಮದ ಮೇಲೆ ದಾಳಿ ಅನ್ನುತ್ತಾರೆ.

ಖಾನಾಪುರದವಳು

ಅಕ್ಕ, ಮೂರು ಸಲ ಓದಿದೆ. ಎರಡು ಸಣ್ಣ ಪ್ರಶ್ನೆ. ಮಾತ್ರೆ ಬೇರೆಯವರು ಕೊಟ್ಟ ಮೇಲೆ ನಾನು ಆರೈಕೆ ಮಾಡಿದರೆ ಗರ್ಭಪಾತಕ್ಕೆ ಸಭೆ ಹಾಕುವ ಬಹಿಷ್ಕಾರ ನನಗೂ ತಗಲುತ್ತದಾ? ಅಮ್ಮನ ಹೆದರಿಕೆ ಅದೇ. ಇನ್ನೊಂದು, ಬರೆದುಕೊಡುವಾಗ ಕಾರಣ ವಿವರಿಸಬೇಕಾ?

ಹಾಸನದಕ್ಕ

ಅಮ್ಮನಿಗೆ ಹೇಳು, ಆ ದಂಡನೆ ಗರ್ಭಪಾತ ಮಾಡುವವರಿಗೆ, ಮಾಡಿಸುವವರಿಗೆ, ಗೊತ್ತಿದ್ದೂ ಅದಕ್ಕೆ ನೇರವಾಗಿ ಕೈಜೋಡಿಸುವವರಿಗೆ. ರಕ್ತ ಹೋಗುತ್ತಿರುವ ಹೆಂಗಸನ್ನು ನೋಡಿಕೊಳ್ಳುವವರಿಗೆ ಅಲ್ಲ. ಮಾಡಿಸಿಕೊಂಡವರಿಗೂ ಬಾಗಿಲು ಮುಚ್ಚಿಲ್ಲ. ಪಾಪನಿವೇದನೆಯಲ್ಲಿ ಇದಕ್ಕೆ ಕ್ಷಮೆ ಕೊಡುವ ಅಧಿಕಾರವನ್ನು ಪೋಪ್ ಫ್ರಾನ್ಸಿಸ್ 2016ರಲ್ಲಿ ಎಲ್ಲ ಗುರುಗಳಿಗೂ ಕೊಟ್ಟರು. ಈ ಮಾತು ನಿನಗೆ ವಾರ್ಡಿನಲ್ಲಿ ಬೇಕಾಗುತ್ತದೆ, ಕೇಳುವವರು ಇದ್ದಾರೆ. ಕೇಳಿದರೆ ಮಾತ್ರ ಹೇಳು, ಇಲ್ಲವಾದರೆ ಆಸ್ಪತ್ರೆಯ ಚಾಪ್ಲೆನ್ (ರೋಗಿಗಳ ಆಧ್ಯಾತ್ಮಿಕ ಆರೈಕೆಗೆ ಇರುವವರು) ನಂಬರ್ ಕೊಡು.

ಕಾರಣ ಎರಡು ಸಾಲು ಸಾಕು, ಬೈಬಲ್ ವಾಕ್ಯ ಬೇಡ. ಯಾವ ಯಾವ ಕೆಲಸ ಮಾಡುವುದಿಲ್ಲ ಅಂತ ಹೆಸರಿಸಿ ಬರೆ. ಅದರ ಕೆಳಗೆ ಯಾವ ಯಾವ ಕೆಲಸ ಮಾಡುತ್ತೇನೆ ಅಂತಲೂ ಬರೆ, ತುರ್ತು ಸ್ಥಿತಿ ಸೇರಿಸಿ. ಮ್ಯಾನೇಜರುಗಳು ಓದುವುದು ಎರಡನೆಯ ಪಟ್ಟಿಯನ್ನು. ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೋ, ತಾರೀಖು ಹಾಕಿಸಿಕೋ. ಐಎನ್‌ಎಂಒ (ಇಲ್ಲಿನ ನರ್ಸ್, ಮಿಡ್‌ವೈಫ್‌ಗಳ ಸಂಘ) ಸದಸ್ಯತ್ವ ಇದೆ ತಾನೇ? ಕೊಡುವ ಮುಂಚೆ ಅವರಿಗೂ ಒಮ್ಮೆ ತೋರಿಸು. ನನ್ನ ಹಳೆಯ ಪತ್ರ ಹುಡುಕುತ್ತಿದ್ದೇನೆ, ಸಿಕ್ಕರೆ ಗುರುವಾರದೊಳಗೆ ಸಂದೇಶದಲ್ಲಿ ಹಾಕುತ್ತೇನೆ.